ಗೆಡ್ಡೆಯೊಳಗಿನ ಸಕ್ಕರೆ

ಸಕ್ಕರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಬ್ಬಿನ ಜಲ್ಲೆ. ಸಂಕ್ರಾಂತಿಯ ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬಿನ ತುಂಡೂ ಸಕ್ಕರೆ ಅಚ್ಚೂ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಅವುಗಳಲ್ಲಿ ತಾಯಿ ಯಾವುದು, ಮಗು ಯಾವುದು ಎಂದು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ವಾಚಕರೆ, ಸಕ್ಕರೆಗೆ ಇನ್ನೊಬ್ಬ ತಾಯಿಯೂ ಉಂಟು. ಅವಳು ಬಿಸಿಲಿನ ನಾಡಿನವಳಲ್ಲ, ಹಿಮ ಬೀಳುವ ನಾಡಿನವಳು. ಆಕೆಯ ಸಿಹಿ ಕಾಂಡದಲ್ಲಿಲ್ಲ, ಮಣ್ಣೊಳಗಿನ ಗೆಡ್ಡೆಯಲ್ಲಿದೆ. ಇಂದು ಜಗತ್ತಿನಲ್ಲಿ ತಯಾರಾಗುವ ಸಕ್ಕರೆಯಲ್ಲಿ ಸುಮಾರು ಐದನೆಯ ಒಂದು ಪಾಲು ಬರುವುದು ಬೀಟ್ ಎಂಬ ಈ ಗೆಡ್ಡೆಯಿಂದಲೇ.

ಸಕ್ಕರೆ ಎಂಬ ಮಾತಿನ ಪ್ರಯಾಣವನ್ನು ಮೊದಲು ನೋಡೋಣ. ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಮೂಲದಲ್ಲಿ ಹರಳು, ನೊರಜುಗಲ್ಲು ಎಂದೇ ಅರ್ಥ. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸಲು ಕಲಿತ ನಮ್ಮ ಪೂರ್ವಿಕರು ಆ ಹೆಸರನ್ನೇ ಅದಕ್ಕೆ ಇಟ್ಟರು. ಕನ್ನಡದಲ್ಲಿ ಅದು ತದ್ಭವವಾಗಿ ‘ಸಕ್ಕರೆ’ಯಾಯಿತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಸಮುದ್ರ ದಾಟಿ, ಫ್ರೆಂಚರ ಸೂಕ್ರ್, ಜರ್ಮನರ ತ್ಸುಕರ್, ಇಂಗ್ಲಿಷರ ಷುಗರ್ ಎಲ್ಲವೂ ಆಯಿತು. ನಮ್ಮ ‘ಖಂಡ’ವೇ ಅವರ ಕ್ಯಾಂಡಿ. ಕ್ರಿ.ಶ. ೬೪೭ರಲ್ಲಿ ಚೀನದ ಚಕ್ರವರ್ತಿ ಥಾಯ್‌ತ್ಸುಂಗನು ಸಕ್ಕರೆ ಮಾಡುವ ವಿದ್ಯೆಯನ್ನು ಕಲಿತು ಬರಲೆಂದು ಮಗಧ ದೇಶಕ್ಕೆ ಜನರನ್ನು ಕಳುಹಿಸಿದ್ದುಂಟು. ಹೀಗೆ ಲೋಕಕ್ಕೆ ವಸ್ತುವನ್ನೂ ಹೆಸರನ್ನೂ ಕೊಟ್ಟ ಈ ದೇಶದ ಬಂದರುಗಳಿಗೆ ೧೮೯೦ರ ದಶಕದಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಗೆಡ್ಡೆಯ ಸಕ್ಕರೆ ಬಂದಿಳಿಯಿತು. ನಮ್ಮ ಸಕ್ಕರೆಗಿಂತ ಅಗ್ಗದ ಬೆಲೆಗೆ ಮಾರಾಟವಾಯಿತು. ತವರುಮನೆಗೇ ಸಿಹಿ ಮಾರಲು ಬಂದ ಈ ಗೆಡ್ಡೆಯ ಹಿಂದೆ ಒಂದೂವರೆ ಶತಮಾನದ ಕಥೆಯಿದೆ.

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿಗೆ ಸಕ್ಕರೆ ಬರುತ್ತಿದ್ದುದು ಹೆಚ್ಚಾಗಿ ಅಟ್ಲಾಂಟಿಕ್ ಸಾಗರದಾಚೆಯ ಕೆರಿಬಿಯನ್ ದ್ವೀಪಗಳಿಂದ ಮತ್ತು ಬ್ರೆಜಿಲಿನಿಂದ. ಅಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರು. ಅಟ್ಲಾಂಟಿಕ್ ಗುಲಾಮ ವ್ಯಾಪಾರ ನಡೆದ ಕಾಲದಲ್ಲೆಲ್ಲ ಹೀಗೆ ಹಡಗೇರಿಸಲ್ಪಟ್ಟವರ ಸಂಖ್ಯೆ ೧ ಕೋಟಿ ೨೦ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನರ ಪಾಲಿಗೆ ಬಂದದ್ದು ಕಬ್ಬಿನ ನಾಡುಗಳೇ. ಫ್ರೆಂಚರ ವಶದಲ್ಲಿದ್ದ ಸೇಂಟ್ ಡೊಮಿಂಗ್ ಎಂಬ ಒಂದೇ ವಸಾಹತಿನಲ್ಲಿ, ಎಂದರೆ ಇಂದಿನ ಹೈಟಿಯಲ್ಲಿ, ೧೭೮೯ರ ವೇಳೆಗೆ ಸುಮಾರು ಐದು ಲಕ್ಷ ಗುಲಾಮರಿದ್ದರು. ಪ್ಯಾರಿಸಿನ ಕಾಫಿಗೆ ಬೀಳುತ್ತಿದ್ದ ಸಕ್ಕರೆ ಅವರ ಬೆವರಿನದು.

ಇಂಥ ವಸಾಹತುಗಳಿಲ್ಲದ ರಾಜ್ಯಗಳ ಗತಿಯೇನು? ಪ್ರಷ್ಯಾ ಅಂಥದೊಂದು ರಾಜ್ಯ. ಸಕ್ಕರೆ ಬೇಕಾದರೆ ಪರರಿಗೆ ಹಣ ತೆತ್ತು ಕೊಳ್ಳಬೇಕು. ಅದರ ರಾಜಧಾನಿಯಾದ ಬರ್ಲಿನ್ನಿನಲ್ಲಿ ಆಂದ್ರೆಯಾಸ್ ಸಿಗಿಸ್ಮುಂಡ್ ಮಾರ್ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಆಸ್ಥಾನದ ಔಷಧಿಗಾರನೊಬ್ಬನ ಮಗ. ಬೀಟ್ ಗೆಡ್ಡೆ ಆ ನಾಡಿನಲ್ಲಿ ದನಗಳ ಮೇವಾಗಿ, ಬಡವರ ತರಕಾರಿಯಾಗಿ ಬಳಕೆಯಲ್ಲಿತ್ತು. ಅದರ ರುಚಿ ಸ್ವಲ್ಪ ಸಿಹಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾರ್ಗ್ರಾಫನು ಗೆಡ್ಡೆಯನ್ನು ಹೆಚ್ಚಿ, ಒಣಗಿಸಿ, ಪುಡಿಮಾಡಿ, ಆ ಪುಡಿಯನ್ನು ತೀಕ್ಷ್ಣವಾದ ಮದ್ಯಸಾರದಲ್ಲಿ ಕುದಿಸಿ, ಸೋಸಿ, ಕೆಲವು ವಾರ ಹಾಗೆಯೇ ಇಟ್ಟ. ಪಾತ್ರೆಯಲ್ಲಿ ಹರಳುಗಳು ಮೂಡಿದವು. ಅವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಅವು ಕಬ್ಬಿನ ಸಕ್ಕರೆಯ ಹರಳುಗಳೇ! ೧೭೪೭ರಲ್ಲಿ ಈ ಸಂಗತಿಯನ್ನು ಆತ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ಬೀಟಿನ ಸಕ್ಕರೆ ಕಬ್ಬಿನ ಸಕ್ಕರೆಗೆ ಬದಲಿ ಪದಾರ್ಥವಲ್ಲ, ಅದೇ ಪದಾರ್ಥ ಎಂಬುದು ಆತ ತೋರಿಸಿಕೊಟ್ಟ ಮುಖ್ಯಾಂಶ. ಬಡ ರೈತನೂ ತನ್ನ ಹೊಲದ ಗೆಡ್ಡೆಯಿಂದ ಸಿಹಿ ಪಡೆಯಬಹುದು ಎಂಬ ಸೂಚನೆಯನ್ನೂ ಆತ ಕೊಟ್ಟ. ಆದರೆ ಮದ್ಯಸಾರ ಸುರಿದು ತೆಗೆದ ಸಕ್ಕರೆಗೆ ಬೆಲೆ ಕಟ್ಟುವವರಾರು? ಸಂಗತಿ ಅಲ್ಲಿಯೇ ಉಳಿಯಿತು.

ಅದನ್ನು ಮೇಲೆತ್ತಿದವನು ಅವನ ಶಿಷ್ಯ ಫ್ರಾಂಟ್ಸ್ ಕಾರ್ಲ್ ಆಕಾರ್ಡ್. ಗುರುವಿನ ಮರಣಾನಂತರ ಅಕಾಡೆಮಿಯಲ್ಲಿ ಅವನ ಸ್ಥಾನಕ್ಕೆ ಬಂದ ಈತ, ಬರ್ಲಿನ್ ಬಳಿಯ ಕೌಲ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಬಗೆಬಗೆಯ ಬೀಟುಗಳನ್ನು ಬಿತ್ತಿ ಬೆಳೆದ. ಯಾವ ಜಾತಿಯಲ್ಲಿ ಸಿಹಿ ಹೆಚ್ಚು, ಯಾವ ಮಣ್ಣಿನಲ್ಲಿ ಹೆಚ್ಚು ಎಂದು ವರ್ಷಗಟ್ಟಲೆ ಪರೀಕ್ಷಿಸಿದ. ಕೆಂಪು ಗೆಡ್ಡೆಗಿಂತ ಬಿಳಿಯ ಗೆಡ್ಡೆಯೇ ಮೇಲು ಎಂದು ಕಂಡುಕೊಂಡ. ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟೂ ಈ ಸಕ್ಕರೆ ಬೀಟೂ ಒಂದೇ ಕುಲದ ಅಕ್ಕತಂಗಿಯರು. ಸಕ್ಕರೆಯದು ದಪ್ಪ ಮೂಲಂಗಿಯಂತೆ ಬೆಳ್ಳಗೆ, ಕೆಳಗೆ ಚೂಪಾಗಿ ಇರುತ್ತದೆ. ೧೭೯೯ರಲ್ಲಿ ಆಕಾರ್ಡನು ದೊರೆ ಮೂರನೆಯ ಫ್ರೆಡರಿಕ್ ವಿಲಿಯಮನಿಗೆ ಬಿನ್ನವತ್ತಳೆ ಸಲ್ಲಿಸಿದ. ದೊರೆ ಸಾಲ ಕೊಟ್ಟ. ೧೮೦೧ರಲ್ಲಿ ಸಿಲೇಷ್ಯ ಪ್ರಾಂತದ ಕೂನೆರ್ನ್ ಎಂಬಲ್ಲಿ ಜಮೀನು ಕೊಂಡು, ೧೮೦೨ರಲ್ಲಿ ಗೆಡ್ಡೆ ಅರೆಯಲು ತೊಡಗಿದ. ಲೋಕದ ಮೊತ್ತಮೊದಲ ಬೀಟ್ ಸಕ್ಕರೆ ಕಾರ್ಖಾನೆ ಇದೇ. ಆ ಊರು ಈಗ ಪೋಲೆಂಡಿನಲ್ಲಿದೆ. ನೂರು ಮಣ ಗೆಡ್ಡೆಗೆ ಸಿಕ್ಕಿದ ಸಕ್ಕರೆ ಸುಮಾರು ನಾಲ್ಕೇ ಮಣ. ೧೮೦೭ರಲ್ಲಿ ಯುದ್ಧದ ನಡುವೆ ಕಾರ್ಖಾನೆ ಸುಟ್ಟುಹೋಯಿತು. ಆತ ಮತ್ತೆ ಕಟ್ಟಿದ; ಈ ವಿದ್ಯೆ ಕಲಿಯಬಂದವರಿಗೆ ಪಾಠ ಹೇಳಿದ. ಆದರೂ ೧೮೨೧ರಲ್ಲಿ ತೀರಿಕೊಂಡಾಗ ಆತ ಬಡವನಾಗಿಯೇ ಇದ್ದ.

ಈ ನಡುವೆ ಲೋಕದಲ್ಲಿ ಎರಡು ದೊಡ್ಡ ಅಲೆಗಳೆದ್ದವು. ಮೊದಲನೆಯದು ಗುಲಾಮರ ದಂಗೆ. ೧೭೯೧ರ ಆಗಸ್ಟಿನಲ್ಲಿ ಸೇಂಟ್ ಡೊಮಿಂಗಿನ ಗುಲಾಮರು ಬಂಡೆದ್ದು ಕಬ್ಬಿನ ತೋಟಗಳಿಗೆ ಬೆಂಕಿಯಿಟ್ಟರು. ಹದಿಮೂರು ವರ್ಷದ ಹೋರಾಟದ ಕೊನೆಯಲ್ಲಿ, ೧೮೦೪ರ ಜನವರಿ ೧ರಂದು, ಹೈಟಿ ಸ್ವತಂತ್ರವಾಯಿತು. ಫ್ರಾನ್ಸಿನ ಸಕ್ಕರೆಯ ಕಣಜ ಕೈಬಿಟ್ಟುಹೋಯಿತು. ಅದೇ ೧೭೯೧ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಕುಟುಂಬಗಳು ಗುಲಾಮರು ಬೆಳೆದ ಸಕ್ಕರೆಯನ್ನು ತಿನ್ನುವುದಿಲ್ಲವೆಂದು ವ್ರತ ತೊಟ್ಟವು. ಮುಂದೆ ಅಂಥ ಮನೆಗಳಲ್ಲಿ ‘ಇದು ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂಬರ್ಥದ ಬರಹವಿದ್ದ ಸಕ್ಕರೆ ಬಟ್ಟಲುಗಳು ಮೇಜಿನ ಮೇಲೆ ಕಾಣಿಸಿಕೊಂಡವು. ಆ ಸಕ್ಕರೆ ನಮ್ಮ ದೇಶದಿಂದ ಹೋದದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಅಲೆ ನೆಪೋಲಿಯನ್ನನದು. ಇಂಗ್ಲೆಂಡನ್ನು ಕತ್ತಿಯಿಂದ ಗೆಲ್ಲಲಾರದೆ ವ್ಯಾಪಾರದಿಂದ ಹಣಿಯಬೇಕೆಂದು ೧೮೦೬ರ ನವೆಂಬರ್ ೨೧ರಂದು ಬರ್ಲಿನ್ನಿನಿಂದಲೇ ಆತ ಶಾಸನ ಹೊರಡಿಸಿದ: ಯೂರೋಪಿನ ಯಾವ ಬಂದರಿಗೂ ಇಂಗ್ಲಿಷರ ಸರಕು ಬರಕೂಡದು. ಆದರೆ ಸಮುದ್ರ ಇಂಗ್ಲಿಷರ ಕೈಯಲ್ಲಿತ್ತು. ಬಾಗಿಲು ಮುಚ್ಚಿದವನ ಮನೆಯಲ್ಲೇ ಸಕ್ಕರೆ ಇಲ್ಲದಂತಾಯಿತು. ದ್ರಾಕ್ಷಿಯಿಂದ ಸಕ್ಕರೆ ತೆಗೆಯುವ ಪ್ರಯತ್ನ ನಡೆಯಿತು, ಫಲ ಅಷ್ಟಕ್ಕಷ್ಟೇ. ಆಗ ಆಕಾರ್ಡನ ಗೆಡ್ಡೆಯ ನೆನಪಾಯಿತು. ೧೮೧೧ರ ಮಾರ್ಚ್ ೨೫ರಂದು, ೩೨,೦೦೦ ಹೆಕ್ಟೇರ್, ಎಂದರೆ ಸುಮಾರು ೮೦,೦೦೦ ಎಕರೆ ನೆಲದಲ್ಲಿ ಬೀಟ್ ಬಿತ್ತಬೇಕೆಂದು ಚಕ್ರವರ್ತಿಯ ಆಜ್ಞೆಯಾಯಿತು. ೧೮೧೨ರ ಜನವರಿ ೨ರಂದು, ಪ್ಯಾರಿಸ್ ಬಳಿಯ ಪಾಸಿ ಎಂಬಲ್ಲಿ ಬೆಂಜಮಿನ್ ದೆಲೆಸ್ಸೇರ್ ಎಂಬಾತ ತನ್ನ ಕಾರ್ಖಾನೆಯಲ್ಲಿ ಒಳ್ಳೆಯ ಬೀಟ್ ಸಕ್ಕರೆ ತೆಗೆದಿದ್ದಾನೆಂಬ ಸುದ್ದಿ ತಿಳಿದು ನೆಪೋಲಿಯನ್ನನು ಅಲ್ಲಿಗೆ ಹೋದ; ನೋಡಿ ಸಂತೋಷಗೊಂಡು, ತನ್ನ ಎದೆಯ ಮೇಲಿದ್ದ ಲೀಜನ್ ಆಫ್ ಆನರ್ ಪದಕವನ್ನೇ ತೆಗೆದು ದೆಲೆಸ್ಸೇರನಿಗೆ ತೊಡಿಸಿದ. ನಗುವವರೂ ಇದ್ದರು. ಚಕ್ರವರ್ತಿ ಕಾಫಿ ಬಟ್ಟಲಿಗೆ ಗೆಡ್ಡೆ ಹಿಂಡುತ್ತಿರುವಂತೆಯೂ, ಅವನ ಶಿಶುವಿನ ಬಾಯಿಗೆ ದಾದಿ ಬೀಟ್ ಇಟ್ಟು ಚೀಪಿಸುತ್ತಿರುವಂತೆಯೂ ಒಂದು ವ್ಯಂಗ್ಯಚಿತ್ರ ಪ್ರಚಾರವಾಯಿತು.

ನೆಪೋಲಿಯನ್ನನು ಸೋತ ಮೇಲೆ ಬಂದರುಗಳು ತೆರೆದವು, ಕಬ್ಬಿನ ಸಕ್ಕರೆ ಅಗ್ಗವಾಗಿ ಹರಿದು ಬಂತು, ಬೀಟ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಥೆ ಮುಗಿಯಿತೆಂದೇ ಜನ ತಿಳಿದರು. ಆದರೆ ಉತ್ತರ ಫ್ರಾನ್ಸಿನಲ್ಲಿ ಕೆಲವರು ಛಲ ಬಿಡದೆ ಉಳಿದರು. ಅವರಿಗೆ ನೆರವಾದದ್ದು ಆಜ್ಞೆಯಲ್ಲ, ವಿದ್ಯೆ.

ಆ ವಿದ್ಯೆಯಲ್ಲಿ ಮೊದಲಿನದು ಬೀಜದ ವಿದ್ಯೆ. ಬೀಟ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆಗಳು ಬಿಸಿಲಿನಿಂದ ಮಾಡಿದ ಸಕ್ಕರೆಯನ್ನು ಗೆಡ್ಡೆಯಲ್ಲಿ ಕೂಡಿಡುತ್ತದೆ. ಎರಡನೆಯ ವರ್ಷ ಆ ಗಂಟನ್ನು ಖರ್ಚುಮಾಡಿ ಹೂಬಿಟ್ಟು ಬೀಜ ಕಟ್ಟುತ್ತದೆ. ಮನುಷ್ಯ ಮಾಡುವುದು ಇಷ್ಟೇ: ಗಿಡ ಖರ್ಚುಮಾಡುವ ಮೊದಲೇ ಗಂಟನ್ನು ಅಪಹರಿಸುವುದು. ಫ್ರಾನ್ಸಿನ ಲೂಯಿ ವಿಲ್ಮೋರಾಂ ಎಂಬ ಬೀಜಶಾಸ್ತ್ರಜ್ಞನು ೧೮೫೦ರ ದಶಕದಲ್ಲಿ ಒಂದೊಂದು ಗೆಡ್ಡೆಯ ಸಿಹಿಯನ್ನು ಬೇರೆಬೇರೆ ಅಳೆದು, ಅದರ ಮಕ್ಕಳು ಹೇಗಿವೆಯೆಂದು ಪರೀಕ್ಷಿಸಿ, ಒಳ್ಳೆಯ ಸಂತತಿಯನ್ನು ಮಾತ್ರ ಉಳಿಸುತ್ತ ಹೋದ. ಹೀಗೆ ಆರಿಸುತ್ತ ಆರಿಸುತ್ತ, ಇಂದು ಗೆಡ್ಡೆಯ ತೂಕದಲ್ಲಿ ನೂರಕ್ಕೆ ೧೬ರಿಂದ ೧೮ರಷ್ಟು ಸಕ್ಕರೆಯಿರುತ್ತದೆ.

ಎರಡನೆಯದು ಯಂತ್ರದ ವಿದ್ಯೆ. ಬೀಟಿನ ಕಚ್ಚಾ ಸಕ್ಕರೆಗೆ ಮಣ್ಣಿನ ವಾಸನೆ, ಅಹಿತವಾದ ರುಚಿ. ನಮ್ಮ ಆಲೆಮನೆಯ ಬೆಲ್ಲದಂತೆ ಬಿಸಿಬಿಸಿಯಾಗಿ ನೆಕ್ಕುವಂಥದಲ್ಲ. ಅದನ್ನು ತಿನ್ನಬೇಕಾದರೆ ಪೂರ್ತಿ ಶುದ್ಧಿಯಾಗಲೇಬೇಕು. ಕಾರ್ಖಾನೆಯಲ್ಲಿ ಗೆಡ್ಡೆಯನ್ನು ತೊಳೆದು, ತೆಳ್ಳನೆಯ ಎಳೆಗಳಾಗಿ ಹೆಚ್ಚುತ್ತಾರೆ. ಮೊದಮೊದಲು ಗೆಡ್ಡೆಯನ್ನು ತುರಿದು ಹಿಂಡುತ್ತಿದ್ದರು. ೧೮೬೪ರಲ್ಲಿ ಮೊರಾವಿಯಾದ ಜೂಲಿಯಸ್ ರಾಬರ್ಟ್ ಎಂಬಾತ, ಹಿಂಡುವುದನ್ನೇ ಬಿಟ್ಟು, ಆ ಎಳೆಗಳ ಮೂಲಕ ಬಿಸಿನೀರು ಹರಿಸಿ ಸಕ್ಕರೆಯನ್ನು ನೀರಿಗೆ ಇಳಿಸಿಕೊಳ್ಳುವ ಕ್ರಮವನ್ನು ಆಚರಣೆಗೆ ತಂದ. ಕುದಿಯುವಷ್ಟು ಬಿಸಿಯಿರದ, ಸುಮಾರು ೭೦ ಡಿಗ್ರಿ ಸೆಲ್ಸಿಯಸ್ ನೀರು ಸಾಕು. ಬಂದ ಕಪ್ಪು ರಸಕ್ಕೆ ಸುಣ್ಣದ ತಿಳಿಹಾಲು ಬೆರೆಸಿ, ಇಂಗಾಲಾಮ್ಲ ವಾಯುವನ್ನು ಹಾಯಿಸಿದರೆ, ಸುಣ್ಣ ಕೊಳೆಯನ್ನು ಹಿಡಿದುಕೊಂಡು ತಳ ಸೇರುತ್ತದೆ. ಸೋಸಿದ ರಸವನ್ನು ಗಾಳಿ ತೆಗೆದ ಪಾತ್ರೆಗಳಲ್ಲಿ ಕಾಯಿಸಿ ಹರಳುಗಟ್ಟಿಸಿ, ರಭಸದಿಂದ ತಿರುಗುವ ಯಂತ್ರದಲ್ಲಿ ಕಾಕಂಬಿಯನ್ನು ಬೇರ್ಪಡಿಸುತ್ತಾರೆ. ಉಳಿದ ಸಿಪ್ಪೆ ದನಗಳಿಗೆ ಮೇವು.

ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸಿ ಸೌದೆ ಉಳಿಸುವ ಉಪಾಯವನ್ನು ಸಕ್ಕರೆಯ ಕೆಲಸಕ್ಕೆ ಹೊಂದಿಸಿದವನು ನಾರ್ಬರ್ಟ್ ರಿಲ್ಯೂ. ಅಮೆರಿಕದ ಲೂಸಿಯಾನದಲ್ಲಿ, ಬಿಳಿಯ ತಂದೆಗೂ ಆಫ್ರಿಕ ಮೂಲದ ಸ್ವತಂತ್ರ ಸ್ತ್ರೀಗೂ ಹುಟ್ಟಿದವನು. ಅವನಿಗೆ ೧೮೪೩ ಮತ್ತು ೧೮೪೬ರಲ್ಲಿ ಸನ್ನದು ದೊರೆಯಿತು. ಅದಕ್ಕೆ ಮೊದಲು ತೋಟಗಳಲ್ಲಿ ಕುದಿಯುವ ರಸವನ್ನು ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಮೊಗೆದು ಹಾಕುತ್ತಿದ್ದವರು ಗುಲಾಮರು. ಮೈ ಸುಟ್ಟುಕೊಳ್ಳುತ್ತಿದ್ದವರೂ ಅವರೇ. ಅದೇ ಉಪಾಯ ಯೂರೋಪಿನ ಬೀಟ್ ಕಾರ್ಖಾನೆಗಳಿಗೂ ಆಧಾರವಾಯಿತು.

ಇಲ್ಲಿ ವಾಚಕರು ಕೇಳಬಹುದು: ತನ್ನ ಹೊಲದಲ್ಲೇ ಸಕ್ಕರೆ ಬೆಳೆಯುವುದಾದರೆ ಗುಲಾಮರ ದುಡಿಮೆ ಯಾರಿಗೆ ಬೇಕು? ಬೀಟ್ ಗುಲಾಮಗಿರಿಯನ್ನು ತಾನಾಗಿಯೇ ಅಳಿಸಬೇಕಲ್ಲವೆ? ಹಾಗೆ ನಂಬಿದವರು ಇದ್ದರು. ಅಮೆರಿಕದ ಡೇವಿಡ್ ಲೀ ಚೈಲ್ಡ್ ಎಂಬ ಗುಲಾಮಗಿರಿಯ ವಿರೋಧಿ ೧೮೩೮ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ತಾಂಪ್ಟನ್ನಿನಲ್ಲಿ ಬೀಟ್ ಸಕ್ಕರೆಯ ಕೆಲಸ ಆರಂಭಿಸಿದ. ಸ್ವತಂತ್ರರ ಕೈಯ ಸಕ್ಕರೆ ಗುಲಾಮರ ಕೈಯ ಸಕ್ಕರೆಯನ್ನು ಸೋಲಿಸಲಿ ಎಂಬುದು ಅವನ ಹಂಬಲ. ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು. ಗುಲಾಮಗಿರಿ ಅಳಿದದ್ದು ಗೆಡ್ಡೆಯಿಂದಲ್ಲ. ದಂಗೆಯೆದ್ದ ಗುಲಾಮರಿಂದ, ಅವರ ಪರವಾಗಿ ನಿಂತ ಜನರಿಂದ. ಬ್ರಿಟಿಷ್ ವಸಾಹತುಗಳಲ್ಲಿ ೧೮೩೪ರಲ್ಲಿ, ಫ್ರೆಂಚರಲ್ಲಿ ೧೮೪೮ರಲ್ಲಿ, ಕ್ಯೂಬಾದಲ್ಲಿ ೧೮೮೬ರಲ್ಲಿ, ಬ್ರೆಜಿಲಿನಲ್ಲಿ ೧೮೮೮ರಲ್ಲಿ ಅದು ಕೊನೆಗೊಂಡಿತು. ಬಿಡುಗಡೆ ಹೊಂದಿದವರ ಜಾಗಕ್ಕೆ ಯಾರು ಬಂದರು ಗೊತ್ತೆ? ನಮ್ಮವರು. ೧೮೩೪ರಿಂದ ಮಾರಿಷಸ್ಸಿಗೂ, ೧೮೩೮ರಿಂದ ಬ್ರಿಟಿಷ್ ಗಯಾನಕ್ಕೂ, ಆಮೇಲೆ ಟ್ರಿನಿಡಾಡ್, ನಟಾಲ್, ಫಿಜಿಗಳಿಗೂ ಕರಾರಿನ ಕೂಲಿಗಳಾಗಿ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು.

ಇನ್ನು ಬೀಟಿನ ಹೊಲದಲ್ಲಿ ಎಲ್ಲವೂ ಸುಖವಾಗಿತ್ತೆ? ಅದನ್ನೂ ನೋಡಬೇಕು. ಬೀಟಿನ ಒಂದು ಬೀಜವೆಂದರೆ ನಿಜವಾಗಿ ಹಲವು ಬೀಜಗಳ ಗೊಂಚಲು. ಬಿತ್ತಿದ ಒಂದೆಡೆಯಿಂದ ಮೂರು ನಾಲ್ಕು ಸಸಿಗಳು ಒತ್ತೊತ್ತಾಗಿ ಮೇಲೇಳುತ್ತವೆ. ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತೆಸೆಯದಿದ್ದರೆ ಗೆಡ್ಡೆ ದಪ್ಪವಾಗದು. ಈ ಕೆಲಸಕ್ಕೆ ಯಂತ್ರವಿರಲಿಲ್ಲ. ಸಾಲುಸಾಲಿನಲ್ಲಿ ಮೊಳಕಾಲೂರಿ, ಬೆನ್ನು ಬಗ್ಗಿಸಿ, ಹೆಂಗಸರೂ ಮಕ್ಕಳೂ ಎಕರೆಗಟ್ಟಲೆ ಸಸಿ ಕೀಳಬೇಕಾಗಿತ್ತು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಹೊಲಗಳಿಗೆ ವರ್ಷವರ್ಷವೂ ಪೂರ್ವದಿಂದ ಪೋಲಿಷ್ ಕೂಲಿಗಳು ಬಂದು ಹೋಗುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡಿನಲ್ಲಿ ೧೯೦೩ರಲ್ಲಿ ಜಪಾನೀಯರೂ ಮೆಕ್ಸಿಕನರೂ ಆದ ಬೀಟ್ ಕೂಲಿಗಳು ಒಂದೇ ಸಂಘವಾಗಿ ಕೂಡಿ ಮುಷ್ಕರ ಹೂಡಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಬೆನ್ನುನೋವಿನ ಭಾಷೆ ಇಬ್ಬರಿಗೂ ತಿಳಿದಿತ್ತು. ಒಂದೇ ಸಸಿ ಕೊಡುವ ಬೀಜದ ಗಿಡಗಳನ್ನು ವಿ. ಎಫ್. ಸವಿಟ್‌ಸ್ಕಿ ಎಂಬ ವಿಜ್ಞಾನಿ ಅಮೆರಿಕದ ಆರೆಗಾನ್ ಪ್ರಾಂತದ ಹೊಲದಲ್ಲಿ ಹುಡುಕಿ ಹಿಡಿದದ್ದು ೧೯೪೮ರಲ್ಲಿ. ಮೊಳಕಾಲೂರಿದವರು ಎದ್ದು ನಿಲ್ಲಲು ಸಾಧ್ಯವಾದದ್ದು ಆ ಕೆಲವು ಗಿಡಗಳಿಂದ.

ಈಗ ನಮ್ಮ ಬಂದರಿಗೆ ಬರೋಣ. ಜರ್ಮನಿಯಲ್ಲಿ ಬಹುಕಾಲ ತೆರಿಗೆ ಹಾಕುತ್ತಿದ್ದುದು ಸಕ್ಕರೆಯ ಮೇಲಲ್ಲ, ಗೆಡ್ಡೆಯ ತೂಕದ ಮೇಲೆ. ಕಡಮೆ ಗೆಡ್ಡೆಯಿಂದ ಹೆಚ್ಚು ಸಕ್ಕರೆ ತೆಗೆದವನಿಗೆ ಅಷ್ಟು ಲಾಭ. ಹೊರದೇಶಕ್ಕೆ ಮಾರಿದರೆ ತೆರಿಗೆಯನ್ನು ಲೆಕ್ಕಹಾಕಿ ಹಿಂದಿರುಗಿಸುತ್ತಿದ್ದರು. ಕಟ್ಟಿದ್ದಕ್ಕಿಂತ ಹೆಚ್ಚೇ ಕೈಸೇರುತ್ತಿತ್ತು. ಇತರ ದೇಶಗಳೂ ಪೈಪೋಟಿಯಿಂದ ರಫ್ತಿಗೆ ಬಹುಮಾನ ಕೊಡತೊಡಗಿದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಲೋಕದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಿನದಾಗಿತ್ತು. ಆ ಪ್ರವಾಹ ಭಾರತಕ್ಕೂ ಹರಿಯಿತು. ಅದನ್ನು ತಡೆಯಲು ಕರ್ಜನ್ ಪ್ರಭುವಿನ ಸರ್ಕಾರ ೧೮೯೯ರಲ್ಲಿ ಅಂಥ ಸಕ್ಕರೆಯ ಮೇಲೆ ಪ್ರತಿಸುಂಕ ವಿಧಿಸುವ ಕಾಯಿದೆ ಮಾಡಿತು. ೧೯೦೨ರಲ್ಲಿ ಬ್ರಸೆಲ್ಸ್ ನಗರದಲ್ಲಿ ಸೇರಿದ ದೇಶಗಳು ಈ ಬಹುಮಾನಗಳನ್ನೇ ನಿಲ್ಲಿಸಲು ಒಪ್ಪಿದವು. ೧೯೦೫ರ ಸ್ವದೇಶೀ ಚಳವಳಿಯಲ್ಲಿ ಜನ ಬಹಿಷ್ಕರಿಸಿದ ವಸ್ತುಗಳಲ್ಲಿ ವಿದೇಶೀ ಬಟ್ಟೆಯೊಡನೆ ವಿದೇಶೀ ಸಕ್ಕರೆಯೂ ಇತ್ತು. ಅದನ್ನು ಬಿಳುಪು ಮಾಡಲು ಎಲುಬಿನ ಇದ್ದಿಲು ಬಳಸುತ್ತಾರೆಂಬ ಮಾತು ಮನೆಮನೆಗೆ ಹರಡಿತು. ಆ ಕಾಲದ ಶುದ್ಧೀಕರಣದಲ್ಲಿ ಎಲುಬಿನ ಇದ್ದಿಲಿನ ಬಳಕೆ ಇದ್ದದ್ದು ನಿಜವೇ.

ಬೀಟ್ ಹಿಮ್ಮೆಟ್ಟಿದರೂ ನಮ್ಮ ಕಷ್ಟ ತೀರಲಿಲ್ಲ. ಅದರ ಜಾಗಕ್ಕೆ ಜಾವಾದ ಕಬ್ಬಿನ ಸಕ್ಕರೆ ಬಂತು. ಹೊರಗಿನವರನ್ನು ಗೆಲ್ಲಲು ಬಹಿಷ್ಕಾರವೊಂದೇ ಸಾಲದು, ಅವರ ವಿದ್ಯೆಯೂ ಬೇಕೆಂಬುದು ನಿಧಾನವಾಗಿ ಮನದಟ್ಟಾಯಿತು. ೧೯೩೨ರಲ್ಲಿ ಸಕ್ಕರೆ ಕೈಗಾರಿಕೆಗೆ ರಕ್ಷಣೆ ಕೊಡುವ ಕಾಯಿದೆ ಬಂದಾಗ ದೇಶದಲ್ಲಿದ್ದ ಹೊಸ ಬಗೆಯ ಕಾರ್ಖಾನೆಗಳು ಮೂವತ್ತರ ಆಸುಪಾಸು. ನಾಲ್ಕು ವರ್ಷ ತುಂಬುವುದರೊಳಗೆ ಅವು ನೂರ ಮೂವತ್ತರ ಗಡಿ ಮುಟ್ಟಿದವು. ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು ೧೯೩೩ರಲ್ಲಿ, ಗಾಣ ತಿರುಗಿದ್ದು ೧೯೩೪ರಲ್ಲಿ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದು, ರಾಗಿ ಜೋಳಗಳ ಒಣ ಭೂಮಿ ಕಬ್ಬಿನ ಗದ್ದೆಯಾಯಿತು. ಅಲ್ಲಿನ ಗಾಳಿ ತೆಗೆದ ಪಾತ್ರೆ, ಹಬೆಯ ಸರಣಿ, ಸುಣ್ಣದ ಶುದ್ಧಿ, ತಿರುಗುವ ಯಂತ್ರ ಇವೆಲ್ಲ ಕಬ್ಬಿನ ತೋಟಗಳೂ ಬೀಟಿನ ಹೊಲಗಳೂ ಪರಸ್ಪರ ಪೈಪೋಟಿಯಲ್ಲಿ ಬೆಳೆಸಿದ ವಿದ್ಯೆ. ಹಾಗೆ ನೋಡಿದರೆ, ಬರ್ಲಿನ್ನಿನ ಪ್ರಯೋಗಶಾಲೆಯ ಬಿಳಿಯ ಗೆಡ್ಡೆಗೂ ಮಂಡ್ಯದ ಕಬ್ಬಿಗೂ ದೂರದ ನೆಂಟಸ್ತನವಿದೆ.

ಬೀಟಿನ ಕಥೆ ನಮಗೆ ಹೇಳುವ ಮಾತು ಒಂದಿದೆ. ಸಿಹಿ ಯಾವ ಒಂದು ನಾಡಿನ ಸೊತ್ತೂ ಅಲ್ಲ. ಬುದ್ಧಿಯೂ ತಾಳ್ಮೆಯೂ ಇದ್ದರೆ ಹಿಮದ ನೆಲದಲ್ಲೂ ಅದನ್ನು ಬೆಳೆಯಬಹುದು. ಆದರೆ ಬೆಳೆ ಬದಲಾದ ಮಾತ್ರಕ್ಕೆ ದುಡಿಯುವವನ ಬಾಳು ಸಿಹಿಯಾಗುವುದಿಲ್ಲ. ಹೈಟಿಯಲ್ಲಿ ಅದಕ್ಕೆ ದಂಗೆ ಬೇಕಾಯಿತು, ಆಕ್ಸ್‌ನಾರ್ಡಿನಲ್ಲಿ ಸಂಘ ಬೇಕಾಯಿತು, ಆರೆಗಾನಿನಲ್ಲಿ ಒಬ್ಬ ವಿಜ್ಞಾನಿಯ ಹುಡುಕುವ ಕಣ್ಣು ಬೇಕಾಯಿತು. ಕಬ್ಬು ಕಡಿಯುವ ಸುಗ್ಗಿ ಬಂದಾಗ ನಮ್ಮ ನಾಡಿನ ರಸ್ತೆಗಳಲ್ಲಿಯೂ ಹೆಂಡತಿ ಮಕ್ಕಳೊಡನೆ, ಪಾತ್ರೆ ಪಡಗಗಳೊಡನೆ, ಊರಿಂದ ಊರಿಗೆ ಸಾಗುವ ಕೂಲಿಗಳ ಗಾಡಿಗಳನ್ನು ನೀವು ಕಂಡಿರುತ್ತೀರಿ. ಮುಂದಿನ ಸಲ ಕಂಡಾಗ ಒಂದು ಗಳಿಗೆ ನಿಂತು ನೋಡಿ. ನಮ್ಮ ಮನೆಯ ಸಕ್ಕರೆ ಡಬ್ಬಿಗೂ ಆ ಗಾಡಿಗೂ ನಡುವೆ ಒಂದು ಲೆಕ್ಕ ಇನ್ನೂ ತೀರದೆ ಉಳಿದಿದೆ.